ಏರ್ ಡಯಾಫ್ರಮ್ ಪಂಪ್: ಆರೈಕೆಯಿಂದ ರಿಪೇರಿವರೆಗೆ, ಹಂತ ಹಂತವಾಗಿ

ಒತ್ತಿದ ಗಾಳಿಯ ಬಲದಿಂದ ದ್ರವ ತಳ್ಳುವ ಏರ್ ಡಯಾಫ್ರಮ್ ಪಂಪ್ ನಿಂತರೆ ಸಾಮಾನ್ಯವಾಗಿ ಎಲ್ಲರೂ ಮಾಡುವ ಮೊದಲ ಕೆಲಸ ಸ್ಪ್ಯಾನರ್ ತಂದು ಬಿಚ್ಚುವುದು. ಡಯಾಫ್ರಮ್, ಅಂದರೆ ಒಳಗಿನ ಬಗ್ಗುವ ತಟ್ಟೆ, ಹರಿದಿರಬೇಕು ಅನ್ನುವುದು ಊಹೆ. ಬಿಚ್ಚಿ ನೋಡಿದರೆ ಡಯಾಫ್ರಮ್ ಚೆನ್ನಾಗೇ ಇರುತ್ತದೆ. ತೊಂದರೆ ಇದ್ದದ್ದು ಸೈಲೆನ್ಸರ್‌ನಲ್ಲಿ, ಇಲ್ಲವೇ ಏರ್ ಲೈನಿನಲ್ಲಿ. ಅಷ್ಟು ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ, ಸರಿಯಾಗಿ ಕೂತಿದ್ದ ಒ-ರಿಂಗ್‌ಗಳೂ ಸುಮ್ನೆ ಹಾಳಾಗಿರುತ್ತವೆ.

ತನಗೆ ಏನಾಗಿದೆ ಅಂತ ಈ ಪಂಪ್ ಹೊರಗಿನಿಂದಲೇ ಸಾಕಷ್ಟು ತಿಳಿಸುತ್ತದೆ. ಅದರ ಸದ್ದು, ಅದು ಹೊರಗೆ ಬಿಡುವ ಗಾಳಿ, ಡೆಲಿವರಿಯಲ್ಲಿ (ದ್ರವ ಹೊರಹೋಗುವ ಬಾಯಲ್ಲಿ) ಬರುವ ದ್ರವ, ಈ ಮೂರನ್ನು ಗಮನಿಸಲು ಕಲಿತರೆ ಬಹಳ ಸಲ ಬಿಚ್ಚುವ ಅಗತ್ಯವೇ ಬರುವುದಿಲ್ಲ. ಬಿಚ್ಚಲೇಬೇಕಾದಾಗಲೂ ಎಲ್ಲಿ ಕೈ ಹಾಕಬೇಕು ಅಂತ ಮೊದಲೇ ಗೊತ್ತಿರುತ್ತದೆ.

ಒಳಗೆ ನಡೆಯುವುದೇನು

ಪಂಪಿನ ಎರಡು ಬದಿಗೂ ಒಂದೊಂದು ಡಯಾಫ್ರಮ್ ಇದೆ. ನಡುವೆ ಒಂದು ಶಾಫ್ಟ್ ಎರಡನ್ನೂ ಜೋಡಿಸುತ್ತದೆ. ಏರ್ ವಾಲ್ವ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಗಾಳಿ ಬಿಡುತ್ತದೆ. ಎಡಗಡೆ ಗಾಳಿ ಹೋದಾಗ ಎಡ ಡಯಾಫ್ರಮ್ ಹೊರಗೆ ಉಬ್ಬಿ ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ಅದೇ ಹೊತ್ತಿಗೆ ಶಾಫ್ಟ್ ಬಲ ಡಯಾಫ್ರಮನ್ನು ಒಳಗೆ ಎಳೆಯುತ್ತದೆ, ಬಲಗಡೆ ಕೆಳಗಿನಿಂದ ದ್ರವ ಒಳಗೆ ಬರುತ್ತದೆ. ಬಳಸಿದ ಗಾಳಿ ಸೈಲೆನ್ಸರ್ ಮೂಲಕ ಬುಸ್ ಅಂತ ಹೊರಗೆ. ನಾಲ್ಕು ಬಾಲ್‌ಗಳು, ಕೆಳಗೆ ಎರಡು, ಮೇಲೆ ಎರಡು, ದ್ರವ ಹಿಂದಕ್ಕೆ ಹೋಗದ ಹಾಗೆ ಸೀಟಿನ ಮೇಲೆ ಕೂತು ಏಳುತ್ತಿರುತ್ತವೆ. ಕೆಲವು ಪಂಪ್‌ಗಳಲ್ಲಿ ಬಾಲ್ ಬದಲು ಫ್ಲ್ಯಾಪ್ ಇರುತ್ತದೆ.

1955ರಲ್ಲಿ ಜಿಮ್ ವೈಲ್ಡನ್ ರೂಪಿಸಿದ ಈ ವಿನ್ಯಾಸದ ಮೂಲ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಹಾಗಾಗಿ ಪಂಪ್ ಯಾವ ಕಂಪನಿಯದ್ದೇ ಇರಲಿ, ತೊಂದರೆ ಹುಡುಕುವ ದಾರಿ ಒಂದೇ. ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ಅಳತೆ, ಪ್ರೆಶರ್ ಮಿತಿ ಇಂಥವಕ್ಕೆ ಮಾತ್ರ ನಿಮ್ಮ ಪಂಪಿನ ಮ್ಯಾನ್ಯುಯಲ್ ನೋಡಿ.

ಒಂದು ಮಾತು ಇಲ್ಲೇ ತಿಳಿದಿರಲಿ. ಸಾಮಾನ್ಯ 1:1 ಪಂಪಿನಲ್ಲಿ ದ್ರವದ ಪ್ರೆಶರ್ ಗಾಳಿಯ ಪ್ರೆಶರ್ ದಾಟುವುದಿಲ್ಲ. 6 ಬಾರ್ ಗಾಳಿ ಕೊಟ್ಟರೆ ಹೆಚ್ಚೆಂದರೆ 6 ಬಾರ್. ಆದ್ದರಿಂದಲೇ ಡೆಲಿವರಿ ವಾಲ್ವ್ ಮುಚ್ಚಿದರೂ ಪಂಪ್ ಒಡೆಯದೆ ಸುಮ್ಮನೆ ನಿಲ್ಲುತ್ತದೆ, ತೆರೆದರೆ ಮತ್ತೆ ಓಡುತ್ತದೆ. ಈ ಗುಣವನ್ನೇ ಮುಂದೆ ಒಂದು ಪರೀಕ್ಷೆಗೆ ಬಳಸೋಣ.

ಕೈ ಹಾಕುವ ಮುಂಚೆ

ಗಾಳಿ ಬಂದ್ ಮಾಡಿದರೆ ಪಂಪ್ ಸುರಕ್ಷಿತ ಅಂದುಕೊಳ್ಳಬೇಡಿ. ಬಾಲ್‌ಗಳು ಸರಿಯಾಗಿ ಕೂತಿದ್ದರೆ ಪಂಪಿಗೂ ಡೆಲಿವರಿ ವಾಲ್ವಿಗೂ ನಡುವೆ ಪೂರ್ತಿ ಪ್ರೆಶರ್ ಹಾಗೇ ಉಳಿದಿರುತ್ತದೆ. ಮೇಲಿನ ಮ್ಯಾನಿಫೋಲ್ಡ್ (ಎರಡೂ ಬದಿಯನ್ನು ಸೇರಿಸುವ ದ್ರವದ ಪೈಪ್) ಬೋಲ್ಟ್ ಸಡಿಲಿಸಿದ ಕೂಡಲೇ ಅದು ಮುಖಕ್ಕೆ ಚಿಮ್ಮಬಹುದು. ಆಸಿಡ್ ಪಂಪ್ ಆಗಿದ್ದರೆ ಏನಾಗುತ್ತದೆ, ಹೇಳಬೇಕಿಲ್ಲ ಅಲ್ವಾ.

ಹಾಗಾಗಿ ಮೊದಲು ಗಾಳಿ ಬಂದ್ ಮಾಡಿ, ಆ ವಾಲ್ವಿಗೆ ಬೀಗ ಹಾಕಿ. ಏರ್ ಹೋಸಿನಲ್ಲಿ ಉಳಿದ ಗಾಳಿ ಬಿಟ್ಟು ಹೋಸ್ ಕಳಚಿ. ಡೆಲಿವರಿ ಕಡೆಯ ಪ್ರೆಶರನ್ನು ಡ್ರೈನ್ ವಾಲ್ವಿನಿಂದ ಪಾತ್ರೆಯೊಳಕ್ಕೆ ಇಳಿಸಿ. ಸಕ್ಷನ್ ವಾಲ್ವ್, ಅಂದರೆ ದ್ರವ ಒಳಬರುವ ಕಡೆಯದು, ಮುಚ್ಚಿ. ಪಂಪನ್ನು ತಲೆಕೆಳಗು ಮಾಡಿ ಒಳಗೆ ಉಳಿದ ದ್ರವ ಸುರಿಸಿ. ಕನ್ನಡಕ, ಆ ದ್ರವಕ್ಕೆ ತಡೆಯುವ ಗ್ಲೌಸ್, ಏಪ್ರನ್ ಇಲ್ಲದೆ ಮುಟ್ಟಬೇಡಿ. ಡಯಾಫ್ರಮ್ ಹರಿದ ಅನುಮಾನ ಇದ್ದರೆ ಗಾಳಿ ಭಾಗದ ಒಳಗೂ ಕೆಮಿಕಲ್ ಇದೆ ಅಂತಲೇ ತಿಳಿಯಿರಿ.

ಇನ್ನೆರಡು ವಿಷಯಗಳಲ್ಲಿ ರಾಜಿ ಇಲ್ಲ. ಬೆಂಕಿ ಹೊತ್ತುವ ದ್ರವ ಪಂಪ್ ಮಾಡುವಾಗ ಪಂಪ್, ಪೈಪ್, ಪಾತ್ರೆ ಮೂರಕ್ಕೂ ಅರ್ತಿಂಗ್ ಇರಬೇಕು, ಪಂಪಿನ ಮೆಟೀರಿಯಲ್ಲೂ ಅದಕ್ಕೆ ತಕ್ಕದ್ದಾಗಿರಬೇಕು. ಡಯಾಫ್ರಮ್ ಓಡಾಟದಿಂದಲೂ ದ್ರವದ ಹರಿವಿನಿಂದಲೂ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಎರಡನೆಯದು, ಮೆಥಿಲೀನ್ ಕ್ಲೋರೈಡ್‌ನಂಥ ಕ್ಲೋರಿನ್ ಇರುವ ಸಾಲ್ವೆಂಟ್‌ಗಳನ್ನು ಅಲ್ಯೂಮಿನಿಯಂ ಪಂಪಿನಲ್ಲಿ ಹಾಕಲೇಬಾರದು. ಅಲ್ಯೂಮಿನಿಯಂ ಜೊತೆ ರಿಯಾಕ್ಟ್ ಆಗಿ ಪಂಪ್ ಸಿಡಿಯುವ ಅಪಾಯ ಇದೆ. ತೊಳೆಯಲು ಬಳಸುವ ಸಾಲ್ವೆಂಟಿಗೂ ಇದೇ ನಿಯಮ.

ಗಾಳಿ ಚೆನ್ನಾಗಿದ್ದರೆ ಅರ್ಧ ಆರೈಕೆ ಮುಗಿದ ಹಾಗೆ

ಪಂಪಿನ ಏರ್ ವಾಲ್ವ್ ಸಣ್ಣ ಸಣ್ಣ ಅಂತರಗಳ ಮೇಲೆ ಓಡುವ ಭಾಗ. ಕಂಪ್ರೆಸರ್‌ನಿಂದ ಬರುವ ತುಕ್ಕು, ನೀರು, ಎಣ್ಣೆ ಮೊದಲು ತಲುಪುವುದು ಅಲ್ಲಿಗೇ. ಲೈನ್ ಹೀಗಿರಲಿ: ಮೊದಲು ಬಂದ್ ಮಾಡುವ ವಾಲ್ವ್, ಆಮೇಲೆ ಫಿಲ್ಟರ್, ಆಮೇಲೆ ರೆಗ್ಯುಲೇಟರ್ ಮತ್ತು ಗೇಜ್, ಆಮೇಲೆ ವೇಗ ಹೊಂದಿಸಲು ನೀಡಲ್ ವಾಲ್ವ್, ಕೊನೆಗೆ ಪಂಪಿನವರೆಗೆ ಬಗ್ಗುವ ಹೋಸ್. ಫಿಲ್ಟರ್ 5 ಮೈಕ್ರಾನಿನದ್ದಾದರೆ ಒಳ್ಳೆಯದು. ಫಿಲ್ಟರ್, ರೆಗ್ಯುಲೇಟರ್‌ಗಳನ್ನು ಪಂಪಿಗೇ ನೇತು ಹಾಕಬೇಡಿ, ಗೋಡೆಗೆ ಕೂರಿಸಿ. ಪಂಪ್ ಅಲುಗಾಡುತ್ತಲೇ ಇರುತ್ತದೆ, ಆ ಭಾರಕ್ಕೆ ಪ್ಲಾಸ್ಟಿಕ್ ಏರ್ ವಾಲ್ವಿನ ಥ್ರೆಡ್ ಬಿರುಕು ಬಿಡುತ್ತದೆ.

ಟೆಫ್ಲಾನ್ ಟೇಪ್ ಸುತ್ತುವಾಗ ತುದಿಯ ಮೊದಲ ಥ್ರೆಡ್ ಖಾಲಿ ಬಿಡಿ. ತುದಿವರೆಗೂ ಸುತ್ತಿದರೆ ಬಿಗಿಯುವಾಗ ಒಂದು ಎಳೆ ಕತ್ತರಿಸಿ ಒಳಗೆ ಹೋಗುತ್ತದೆ. ಆ ಎಳೆ ಸ್ಪೂಲಿನ (ಏರ್ ವಾಲ್ವ್ ಒಳಗೆ ಅತ್ತಿತ್ತ ಜಾರುವ ಭಾಗ) ಪಕ್ಕ ಸಿಕ್ಕಿಕೊಂಡರೆ ಹೊಸ ಪಂಪ್ ಕೂಡ ಮೊದಲ ದಿನವೇ ನಿಲ್ಲುತ್ತದೆ. ಹೋಸನ್ನು ಪಂಪಿಗೆ ಸಿಕ್ಕಿಸುವ ಮುಂಚೆ ಒಂದು ಸಲ ಗಾಳಿ ಬಿಟ್ಟು ಕಸ ಹಾರಿಸಿ.

ಎಣ್ಣೆಯ ವಿಷಯ. ಇತ್ತೀಚಿನ ಬಹುತೇಕ ಪಂಪ್‌ಗಳಿಗೆ ಲೈನಿನಲ್ಲಿ ಎಣ್ಣೆ ಬೇಕಿಲ್ಲ. ಮ್ಯಾನ್ಯುಯಲ್ ಹೇಳದಿದ್ದರೆ ಲ್ಯೂಬ್ರಿಕೇಟರ್ ಹಾಕಲೇಬೇಡಿ. ಜಾಸ್ತಿ ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ, ಸ್ಪೂಲ್ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಗೇಜ್ ಓದುವುದರಲ್ಲೂ ಒಂದು ಸೂಕ್ಷ್ಮ ಇದೆ. ಪಂಪ್ ನಿಂತಾಗ ಗೇಜ್ 6 ಬಾರ್ ತೋರಿಸಿದರೆ ಅದಕ್ಕೆ ಅರ್ಥವಿಲ್ಲ. ಓಡುವಾಗ ನೋಡಿ. ಆಗ ಮುಳ್ಳು 2ಕ್ಕೆ ಬೀಳುತ್ತಿದ್ದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಏರ್ ಲೈನ್ ಸಣ್ಣದಾಗಿದೆ. ಪಂಪಿನದ್ದು ತಪ್ಪೇ ಇಲ್ಲ.

ದಿನವೂ ನೋಡಬೇಕಾದದ್ದು

ಡಯಾಫ್ರಮ್ಮಿನ ಒಂದು ತಳ್ಳು ಅಂದರೆ ಒಂದು ಸ್ಟ್ರೋಕ್, ಅದಕ್ಕೊಂದು ಬುಸ್. ಎರಡು ಬುಸ್ ಸದ್ದು ಸೇರಿ ಒಂದು ಸೈಕಲ್. ಪಂಪ್ ಹೊಸದಾಗಿದ್ದಾಗಲೇ, ನೀವು ನಿತ್ಯ ಓಡಿಸುವ ಪ್ರೆಶರ್‌ನಲ್ಲಿ, ನಿಮಿಷಕ್ಕೆ ಎಷ್ಟು ಸೈಕಲ್ ಅಂತ ಎಣಿಸಿ ಪಂಪಿನ ಮೇಲೆ ಪೆಯಿಂಟ್ ಮಾರ್ಕರ್‌ನಲ್ಲಿ ಬರೆದಿಡಿ. ಅದರ ಪಕ್ಕದಲ್ಲೇ, ಅದೇ ವೇಗದಲ್ಲಿ ಒಂದು ಡ್ರಮ್ ತುಂಬಲು ಎಷ್ಟು ಹೊತ್ತು ಅಂತಲೂ ಬರೆಯಿರಿ. ಮುಂದೆ ತೊಂದರೆ ಬಂದಾಗ ಈ ಎರಡು ಅಂಕಿಗಳಿಗಿಂತ ಒಳ್ಳೆಯ ಉಪಕರಣ ಇಲ್ಲ. ಸೈಕಲ್ ಎಣಿಕೆ ಅಷ್ಟೇ ಇದ್ದು ದ್ರವ ಮಾತ್ರ ಕಡಿಮೆ ಬಂದರೆ ತೊಂದರೆ ದ್ರವದ ಬದಿಯಲ್ಲಿ: ಬಾಲ್, ಸೀಟ್, ಸಕ್ಷನ್ ಲೀಕ್. ಎಣಿಕೆಯೇ ಇಳಿದಿದ್ದರೆ ಗಾಳಿಯ ಬದಿ ನೋಡಿ, ಇಲ್ಲವೇ ಪೈಪಿನಲ್ಲಿ ಎಲ್ಲೋ ತಡೆ ಇದೆ.

ಇದಲ್ಲದೆ ದಿನಾ ಒಂದು ಸುತ್ತು ಸಾಕು. ಫಿಲ್ಟರ್ ಬಟ್ಟಲಿನ ನೀರು ಬಿಡಿ. ಸೈಲೆನ್ಸರ್ ಹತ್ತಿರ ಒದ್ದೆ ಇದೆಯಾ ನೋಡಿ. ಜಾಯಿಂಟ್‌ಗಳಲ್ಲಿ ಜಿನುಗು ಇದೆಯಾ ನೋಡಿ. ವಾರಕ್ಕೊಮ್ಮೆ ಸಕ್ಷನ್ ಸ್ಟ್ರೈನರ್ (ಕಸ ತಡೆಯುವ ಜಾಲರಿ) ತೊಳೆಯಿರಿ. ಬೋಲ್ಟ್ ಬಿಗಿ ನೋಡುವ ಕೆಲಸ ಪ್ಲಾಸ್ಟಿಕ್ ಪಂಪ್‌ಗಳಲ್ಲಿ ಬಹಳ ಮುಖ್ಯ. ಪ್ಲಾಸ್ಟಿಕ್, ಟೆಫ್ಲಾನ್ ಎರಡೂ ಒತ್ತಡದಲ್ಲಿ ನಿಧಾನಕ್ಕೆ ಜರುಗುತ್ತವೆ, ಬೋಲ್ಟ್ ತಾನಾಗಿ ಸಡಿಲವಾಗುತ್ತದೆ. ಹೊಸದಾಗಿ ಕೂರಿಸಿದ ಪಂಪನ್ನು ಒಂದು ದಿನ ಓಡಿಸಿ, ನಿಲ್ಲಿಸಿ, ಪ್ರೆಶರ್ ಇಳಿಸಿ, ತಣ್ಣಗಾದ ಮೇಲೆ ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ನೋಡಿ. ಕೈಯಂದಾಜಿಗೆ ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಒಡೆಯುತ್ತದೆ.

ಮಂದ ಇಲ್ಲವೇ ಕೆಸರಿನಂಥ ದ್ರವ ಆದರೆ ಪಾಳಿ ಮುಗಿದಾಗ ನೀರು ಅಥವಾ ಸರಿಹೊಂದುವ ಸಾಲ್ವೆಂಟ್ ಹಾಯಿಸಿ. ಒಳಗೆ ತಳ ಕಟ್ಟಿದ ಗಷ್ಟಿನ ಮೇಲೆ ಮರುದಿನ ಡಯಾಫ್ರಮ್ ಒತ್ತಿದರೆ ಅಲ್ಲೇ ತೂತು.

ವಾಲ್ವ್ ಮುಚ್ಚಿ ಮಾಡುವ ಪರೀಕ್ಷೆ

ಬಿಚ್ಚುವ ಮುಂಚೆ ಇದನ್ನು ಮಾಡಿಯೇ ತೀರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಖರ್ಚಿಲ್ಲ, ಐದು ನಿಮಿಷದ ಕೆಲಸ. ಡೆಲಿವರಿ ಹೋಸ್ ಆ ಪ್ರೆಶರ್ ತಡೆಯುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಗಾಳಿಯನ್ನು 2 ಬಾರ್ ಹತ್ತಿರಕ್ಕೆ ಇಳಿಸಿ, ಪಂಪ್ ದ್ರವ ತುಂಬಿಕೊಂಡು ಓಡುತ್ತಿರುವಾಗ ಡೆಲಿವರಿ ವಾಲ್ವನ್ನು ನಿಧಾನಕ್ಕೆ ಪೂರ್ತಿ ಮುಚ್ಚಿ. ಈಗ ಸೈಲೆನ್ಸರ್ ಹತ್ತಿರ ಕಿವಿ ಕೊಡಿ.

ಒಂದೆರಡು ಸ್ಟ್ರೋಕಿನಲ್ಲಿ ಪಂಪ್ ನಿಂತು, ಸದ್ದೇ ಇಲ್ಲದೆ ಮೌನವಾದರೆ ಒಳಗಿನ ಬಾಲ್‌ಗಳು, ಏರ್ ವಾಲ್ವ್, ಸೀಲ್ ಎಲ್ಲ ಸರಿ ಇವೆ ಅನ್ನಬಹುದು. ತೊಂದರೆ ಪಂಪಿನ ಹೊರಗೆ, ಪೈಪಿನಲ್ಲಿ ಹುಡುಕಿ.

ನಿಂತಿದೆ, ಆದರೆ ಸೈಲೆನ್ಸರ್‌ನಿಂದ ಸ್‌ಸ್‌ಸ್ ಅಂತ ಗಾಳಿ ಬರುತ್ತಲೇ ಇದೆ. ಅಂದರೆ ಗಾಳಿ ಒಳಗೇ ದಾರಿ ತಪ್ಪುತ್ತಿದೆ. ಏರ್ ವಾಲ್ವಿನ ಸೀಲ್ ಅಥವಾ ಶಾಫ್ಟ್ ಸೀಲ್ ಸವೆದಿದೆ.

ವಾಲ್ವ್ ಮುಚ್ಚಿದ್ದರೂ ಆಗಾಗ ಒಂದೊಂದು ಸ್ಟ್ರೋಕ್ ಹೊಡೆಯುತ್ತಲೇ ಇದೆ. ಅಂದರೆ ದ್ರವ ಎಲ್ಲೋ ಜಾರಿ ಹಿಂದಕ್ಕೆ ಹೋಗುತ್ತಿದೆ. ಬಾಲ್ ಮತ್ತು ಸೀಟ್ ನೋಡಬೇಕು. ಡೆಲಿವರಿ ವಾಲ್ವೇ ಸರಿಯಾಗಿ ಮುಚ್ಚದಿದ್ದರೂ ಹೀಗೇ ಆಗುತ್ತದೆ, ಮೊದಲು ಅದನ್ನು ಪರೀಕ್ಷಿಸಿ.

ಲಕ್ಷಣ ನೋಡಿ ತೊಂದರೆ ಹುಡುಕುವುದು

*ಪಂಪ್ ಅಲುಗಾಡುವುದೇ ಇಲ್ಲ.* ಗಾಳಿ ಬರುತ್ತಿದೆಯಾ? ಡೆಲಿವರಿ ವಾಲ್ವ್ ತೆರೆದಿದೆಯಾ? ಎರಡೂ ಸರಿ ಇದ್ದರೆ ಗಾಳಿ ಬಂದ್ ಮಾಡಿ ಸೈಲೆನ್ಸರ್ ಬಿಚ್ಚಿ, ಕಿವಿಗೆ ರಕ್ಷಣೆ ಹಾಕಿ, ಕಡಿಮೆ ಪ್ರೆಶರ್‌ನಲ್ಲಿ ಒಂದು ಕ್ಷಣ ಓಡಿಸಿ ನೋಡಿ. ಓಡಿದರೆ ಸೈಲೆನ್ಸರ್ ಕಟ್ಟಿತ್ತು ಅಂತಲೇ ಅರ್ಥ. ಇನ್ನೂ ಓಡದಿದ್ದರೆ ಪ್ರೆಶರ್ ಇಳಿಸಿ, ಡೆಲಿವರಿ ಹೋಸನ್ನು ಪಂಪಿನ ಹತ್ತಿರವೇ ಕಳಚಿ, ಬಾಯನ್ನು ಪಾತ್ರೆಗೆ ಬಿಟ್ಟು ಮತ್ತೆ ನೋಡಿ. ಆಗ ಓಡಿದರೆ ಪೈಪಿನಲ್ಲಿ ತಡೆ. ಎರಡಕ್ಕೂ ಜಗ್ಗದಿದ್ದರೆ ಏರ್ ವಾಲ್ವ್ ಸಿಕ್ಕಿಕೊಂಡಿದೆ.

*ಸ್ವಲ್ಪ ಹೊತ್ತು ಓಡಿ ನಿಧಾನವಾಗಿ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಓಡುತ್ತದೆ.* ಇದು ಮಂಜಿನ ಕೆಲಸ. ಒತ್ತಿದ್ದ ಗಾಳಿ ಹೊರಬರುವಾಗ ಹಿಗ್ಗಿ ಥಟ್ಟನೆ ತಣ್ಣಗಾಗುತ್ತದೆ, ಅದರಲ್ಲಿನ ತೇವ ಸೈಲೆನ್ಸರ್ ಒಳಗೇ ಹೆಪ್ಪುಗಟ್ಟುತ್ತದೆ. ನಿಂತ ತಕ್ಷಣ ನೋಡಿದರೆ ಸೈಲೆನ್ಸರ್ ಮೇಲೆ ಬಿಳಿ ಮಂಜು ಕಾಣುತ್ತದೆ. ಸುತ್ತಲಿನ ಹವೆ ಬೆಚ್ಚಗಿದ್ದರೂ ಇದು ಆಗುತ್ತದೆ. ಕರಗಿದ ಮೇಲೆ ಬಂದು ನೋಡುವವರಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಈ ತೊಂದರೆ ಎಷ್ಟೋ ಕಡೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಪ್ರೆಶರ್ ಇಳಿಸಿ, ವೇಗ ತಗ್ಗಿಸಿ. ಗಾಳಿಗೆ ಡ್ರೈಯರ್ ಹಾಕಿಸಿ. ಅದು ಆಗದಿದ್ದರೆ ಎಕ್ಸಾಸ್ಟ್‌ಗೆ (ಗಾಳಿ ಹೊರಬರುವ ಬಾಯಿಗೆ) ಒಂದು ಸೈಜ್ ದೊಡ್ಡ ಹೋಸ್ ಹಾಕಿ ಸೈಲೆನ್ಸರನ್ನು ದೂರಕ್ಕೆ ಒಯ್ಯಿರಿ.

*ಟಕಟಕ ಓಡುತ್ತದೆ, ದ್ರವ ಬರುವುದಿಲ್ಲ.* ಸಕ್ಷನ್ ಕಡೆ ಗಾಳಿ ಎಳೆಯುತ್ತಿದೆ, ಇಲ್ಲವೇ ಬಾಲ್ ಸೀಟಿಗೆ ಇಳಿಯದೆ ಮೇಲೆಯೇ ಸಿಕ್ಕಿಕೊಂಡಿದೆ. ಸಕ್ಷನ್ ಜಾಯಿಂಟ್‌ಗಳಲ್ಲಿ ದ್ರವ ಹೊರಗೆ ಜಿನುಗುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಒಂದೊಂದೇ ಕ್ಲಿಪ್ ಬಿಗಿ ಮಾಡುತ್ತಾ ಬನ್ನಿ. ಹೋಸ್ ಒಳಗೆ ಚಪ್ಪಟೆ ಆಗುತ್ತಿದೆಯಾ ನೋಡಿ. ಸಕ್ಷನ್ ಹೋಸ್ ಒಳಗೆ ತಂತಿ ಇರುವ ಗಟ್ಟಿ ಹೋಸೇ ಆಗಿರಬೇಕು, ಪಂಪಿನ ಬಾಯಿಗಿಂತ ಸಣ್ಣದಾಗಿರಬಾರದು. ಶುರುವಿನಲ್ಲೇ ಪೂರ್ತಿ ಗಾಳಿ ಕೊಡುವುದೂ ಒಂದು ಕಾರಣ. ಮೊದಲು ನಿಧಾನಕ್ಕೆ ಓಡಿಸಿ, ದ್ರವ ಬಂದ ಮೇಲೆ ವೇಗ ಏರಿಸಿ. ಮಂದ ದ್ರವ ಆದರೆ ಯಾವಾಗಲೂ ನಿಧಾನವೇ ಸರಿ. ವೇಗ ಹೆಚ್ಚಿದರೆ ಬಾಲ್ ಸೀಟಿಗೆ ಮರಳುವುದರೊಳಗೆ ಮುಂದಿನ ಸ್ಟ್ರೋಕ್ ಬಂದುಬಿಡುತ್ತದೆ.

*ಲಯ ತಪ್ಪಿದೆ: ಒಂದು ಸ್ಟ್ರೋಕ್ ಬೇಗ, ಇನ್ನೊಂದು ನಿಧಾನ.* ಇದನ್ನು ಬಿಡಿಸುವುದು ನನಗೆ ಬಹಳ ಇಷ್ಟದ ಕೆಲಸ, ಯಾಕೆಂದರೆ ತರ್ಕವೇ ಸಾಕು. ಯಾವ ಬದಿ ತಳ್ಳುವಾಗ ಸ್ಟ್ರೋಕ್ ಬೇಗ ಮುಗಿಯುತ್ತದೆ ಅಂತ ಎರಡೂ ಚೇಂಬರ್ (ಡಯಾಫ್ರಮ್ ಮುಂದಿನ ದ್ರವದ ಕೋಣೆ) ಮೇಲೆ ಕೈ ಇಟ್ಟು ಗುರುತಿಸಿ. ಬಲ ಬದಿ ಬೇಗ ಅಂದುಕೊಳ್ಳಿ. ಬಲ ಡಯಾಫ್ರಮ್ ತಳ್ಳುವಾಗ ಅದಕ್ಕೆ ಎದುರು ಪ್ರೆಶರ್ ಸಿಗುತ್ತಿಲ್ಲ. ಬಲಗಡೆಯ ಕೆಳಗಿನ ಬಾಲ್ ಕೂತಿಲ್ಲದಿದ್ದರೆ ದ್ರವ ಸಕ್ಷನ್‌ಗೇ ವಾಪಸ್ ಹೋಗುತ್ತದೆ. ಅಥವಾ ಎಡಗಡೆಯ ಮೇಲಿನ ಬಾಲ್ ಕೂತಿಲ್ಲದಿದ್ದರೆ, ಬಲದಿಂದ ಮೇಲೆ ಬಂದ ದ್ರವ ಅದೇ ಹೊತ್ತಿಗೆ ಹಿಗ್ಗುತ್ತಿರುವ ಎಡ ಚೇಂಬರಿಗೆ ಇಳಿದುಬಿಡುತ್ತದೆ. ಹಾಗಾಗಿ ನಾಲ್ಕರಲ್ಲಿ ಎರಡನ್ನೇ ನೋಡಿದರೆ ಸಾಕು: ಬೇಗ ಓಡುವ ಬದಿಯ ಕೆಳಗಿನದು, ಎದುರು ಬದಿಯ ಮೇಲಿನದು. ಬಿಚ್ಚಿದಾಗ ಬಾಲನ್ನು ಸೀಟಿನ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ. ಬೆಳಕು ಇಣುಕಿದರೆ ಎರಡನ್ನೂ ಬದಲಾಯಿಸಿ. ಉಬ್ಬಿದ ಬಾಲ್, ಸವೆದು ಸಣ್ಣದಾದ ಬಾಲ್, ಸೀಟಿಗೆ ಅಂಟಿದ ಕಸ, ಈ ಮೂರೇ ಸಾಮಾನ್ಯ.

*ಡೆಲಿವರಿಯಲ್ಲಿ ಗುಳ್ಳೆ.* ಸಕ್ಷನ್ ಲೀಕ್, ಇಲ್ಲವೇ ಡಯಾಫ್ರಮ್ ತೂತು. ಮೊದಲು ಸಕ್ಷನ್ ಜಾಯಿಂಟ್ ಬಿಗಿ ಮಾಡಿ. ಗುಳ್ಳೆ ನಿಲ್ಲದಿದ್ದರೆ ಡಯಾಫ್ರಮ್ಮೇ.

*ಸೈಲೆನ್ಸರ್‌ನಿಂದ ದ್ರವ.* ಇದರಲ್ಲಿ ಅನುಮಾನಕ್ಕೆ ಜಾಗ ಇಲ್ಲ. ಏರ್ ಲೈನಿನ ನೀರಲ್ಲ, ಪಂಪ್ ಮಾಡುವ ದ್ರವವೇ ಅಂತ ಖಚಿತವಾದ ಕೂಡಲೇ ನಿಲ್ಲಿಸಿ. ಡಯಾಫ್ರಮ್ ಹರಿದಿದೆ. ಓಡಿಸುತ್ತಾ ಹೋದರೆ ಕೆಮಿಕಲ್ ಏರ್ ವಾಲ್ವನ್ನೂ ತಿನ್ನುತ್ತದೆ. ಟ್ಯಾಂಕ್ ಪಂಪಿಗಿಂತ ಎತ್ತರದಲ್ಲಿದ್ದರೆ ಎಕ್ಸಾಸ್ಟ್ ಪೈಪನ್ನು ಟ್ಯಾಂಕಿನ ದ್ರವ ಮಟ್ಟಕ್ಕಿಂತ ಮೇಲಕ್ಕೆ ಒಯ್ದಿರಬೇಕು. ಇಲ್ಲದಿದ್ದರೆ ಡಯಾಫ್ರಮ್ ಹರಿದ ರಾತ್ರಿ ಟ್ಯಾಂಕ್ ಪೂರ್ತಿ ನೆಲಕ್ಕೆ ಬರುತ್ತದೆ.

ಏರ್ ವಾಲ್ವ್ ಶುಚಿ ಮಾಡುವುದು

ಶುಚಿಯಾದ ಬಟ್ಟೆ ಹಾಸಿದ ಮೇಜಿನ ಮೇಲೆ ಮಾಡಿ. ಕೊನೆಯ ಕ್ಯಾಪ್ ತೆಗೆದು ಸ್ಪೂಲನ್ನು ಕೈಯಿಂದ ಎಳೆಯಿರಿ, ಅಥವಾ ಮರದ ಕಡ್ಡಿಯಿಂದ ತಳ್ಳಿ. ಸ್ಕ್ರೂ ಡ್ರೈವರ್ ತುದಿ ಒಳಗೋಡೆಗೆ ತಾಗಿದರೆ ಆ ಗೀರಿನಿಂದಲೇ ಗಾಳಿ ಸೋರುತ್ತದೆ. ಸ್ಪೂಲಿನ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಹಾನಿ ಮಾಡದ ದ್ರವದಲ್ಲಿ ತೊಳೆದು, ಒರೆಸಿ, ಸೀಲ್‌ಗಳನ್ನು ಬೆರಳಲ್ಲಿ ತಿರುಗಿಸಿ ನೋಡಿ. ಚಪ್ಪಟೆ ಆಗಿದ್ದರೆ, ಗಟ್ಟಿಯಾಗಿದ್ದರೆ ಕಿಟ್ ಪೂರ್ತಿ ಬದಲಾಯಿಸಿ. ಮ್ಯಾನ್ಯುಯಲ್ ಹೇಳಿದ ಗ್ರೀಸನ್ನು ತೆಳುವಾಗಿ ಸವರಿ. ಸ್ಪೂಲ್ ತಡೆ ಇಲ್ಲದೆ ಅತ್ತಿತ್ತ ಜಾರಬೇಕು.

ಡಯಾಫ್ರಮ್ ಬದಲಾಯಿಸುವುದು

1. ಬಿಚ್ಚುವ ಮುಂಚೆ ಮ್ಯಾನಿಫೋಲ್ಡ್, ಚೇಂಬರ್, ನಡುವಿನ ಭಾಗ ಎಲ್ಲಕ್ಕೂ ಅಡ್ಡವಾಗಿ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಜೋಡಿಸುವಾಗ ದಿಕ್ಕಿನ ಗೊಂದಲ ಇರುವುದಿಲ್ಲ.

2. ಮೇಲಿನ ಮ್ಯಾನಿಫೋಲ್ಡ್, ಬಾಲ್, ಸೀಟ್, ಒ-ರಿಂಗ್ ತೆಗೆಯಿರಿ. ಆಮೇಲೆ ಕೆಳಗಿನದು, ಆಮೇಲೆ ಎರಡೂ ಚೇಂಬರ್. ಯಾವ ಬಾಲ್ ಎಲ್ಲಿಯದು ಅಂತ ಬೇರೆ ಬೇರೆ ಇಡಿ. ಸವೆತ ಓದಲು ಬೇಕಾಗುತ್ತದೆ.

3. ಎರಡೂ ಬದಿಯ ಹೊರ ಪ್ಲೇಟಿಗೆ (ಡಯಾಫ್ರಮನ್ನು ಶಾಫ್ಟಿಗೆ ಹಿಡಿದಿಡುವ ಬಿಲ್ಲೆ) ಒಂದೊಂದು ಸ್ಪ್ಯಾನರ್ ಹಾಕಿ ಎದುರು ದಿಕ್ಕಿಗೆ ತಿರುಗಿಸಿ. ಒಂದು ಬದಿ ಬಿಡುತ್ತದೆ. ಇನ್ನೊಂದು ಡಯಾಫ್ರಮ್ ಶಾಫ್ಟ್ ಸಮೇತ ಹೊರಗೆ ಬರುತ್ತದೆ. ಶಾಫ್ಟನ್ನು ಎರಡು ಮರದ ತುಂಡುಗಳ ನಡುವೆ ವೈಸ್‌ನಲ್ಲಿ ಹಿಡಿದು ಆ ಪ್ಲೇಟ್ ಬಿಚ್ಚಿ. ಪೈಪ್ ರೆಂಚ್, ಪ್ಲೈಯರ್ ಶಾಫ್ಟಿಗೆ ತಾಗಲೇಬಾರದು.

4. ಶಾಫ್ಟ್ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿದರೆ ಆ ಗೀರು ಹೊಸ ಸೀಲನ್ನೂ ಕತ್ತರಿಸುತ್ತದೆ, ಶಾಫ್ಟ್ ಬದಲಾಯಿಸಿ.

5. ಹೊಸ ಡಯಾಫ್ರಮ್ಮಿನಲ್ಲಿ ಗಾಳಿಯ ಬದಿ ಯಾವುದು ಅಂತ ಅಚ್ಚು ಇದ್ದರೆ ಆ ಮುಖ ನಡುವಿನ ಭಾಗದ ಕಡೆ ಬರಬೇಕು. ಪ್ಲೇಟಿನ ದುಂಡು ಅಂಚು ಡಯಾಫ್ರಮ್ ಕಡೆಗಿರಲಿ, ಚೂಪು ಅಂಚು ಅಲ್ಲ. ಟೆಫ್ಲಾನ್ ಡಯಾಫ್ರಮ್ಮಿನ ಹಿಂದೆ ರಬ್ಬರಿನ ಬ್ಯಾಕಪ್ ಡಯಾಫ್ರಮ್ ಇದ್ದರೆ ಅದನ್ನು ಮರೆಯಬೇಡಿ.

6. ಒಂದು ಬದಿಯ ಚೇಂಬರ್ ಕಟ್ಟಿದ ಮೇಲೆ ಶಾಫ್ಟನ್ನು ಆ ಬದಿಗೇ ತಳ್ಳಿ. ಆಗ ಇನ್ನೊಂದು ಡಯಾಫ್ರಮ್ಮಿನ ಅಂಚು ತನ್ನ ಜಾಗದಲ್ಲಿ ಸಪಾಟಾಗಿ ಕೂರುತ್ತದೆ.

7. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಮ್ಯಾನ್ಯುಯಲ್ ಟಾರ್ಕಿಗೆ ಬಿಗಿ ಮಾಡಿ.

ಒಂದು ಮಾತ್ರ ಹರಿದಿದ್ದರೂ ಎರಡನ್ನೂ ಬದಲಾಯಿಸಿ. ಇನ್ನೊಂದೂ ಅಷ್ಟೇ ಸಲ ಬಗ್ಗಿದೆ.

ಹಳೆಯ ಡಯಾಫ್ರಮ್ಮನ್ನು ತಕ್ಷಣ ಎಸೆಯಬೇಡಿ, ಮೇಜಿನ ಮೇಲಿಟ್ಟು ನೋಡಿ. ಬಗ್ಗುವ ಜಾಗದಲ್ಲಿ ವೃತ್ತಾಕಾರದ ಬಿರುಕು ಇದ್ದರೆ ಆಯಸ್ಸು ಮುಗಿದಿದೆ, ಅಷ್ಟೇ. ಉಬ್ಬಿ, ಮೆತ್ತಗಾಗಿ, ಅಂಟಂಟಾಗಿದ್ದರೆ ಮೆಟೀರಿಯಲ್ ಆ ದ್ರವಕ್ಕೆ ಹೊಂದುವುದಿಲ್ಲ. ಗಟ್ಟಿಯಾಗಿ ಸೀಳಿದ್ದರೆ ಬಿಸಿ ಇಲ್ಲವೇ ಕೆಮಿಕಲ್. ನಡುವಿನ ತೂತಿನ ಸುತ್ತ ಹರಿದಿದ್ದರೆ ಪ್ಲೇಟ್ ಸಡಿಲವಿತ್ತು. ಒಂದೇ ಕಡೆ ಚುಚ್ಚಿದ ತೂತು ಇದ್ದರೆ ಸ್ಟ್ರೈನರ್ ದಾಟಿ ಏನೋ ಬಂದಿದೆ. ಹಿಗ್ಗಿ ಜೋತುಬಿದ್ದಿದ್ದರೆ ಸಕ್ಷನ್ ಪ್ರೆಶರ್ ಜಾಸ್ತಿ. ಎತ್ತರದ ಟ್ಯಾಂಕಿನಿಂದ ಬರುವ ಸಕ್ಷನ್ ಪ್ರೆಶರ್ ಸಾಮಾನ್ಯವಾಗಿ 0.7 ಬಾರ್, ಅಂದರೆ ಸುಮಾರು 7 ಮೀಟರ್ ನೀರಿನ ಎತ್ತರ, ದಾಟಬಾರದು. ಕಾರಣ ಸರಿಪಡಿಸದೆ ಹೊಸದನ್ನು ಹಾಕಿದರೆ ಅದೂ ಅದೇ ಜಾಗದಲ್ಲಿ ಹರಿಯುತ್ತದೆ.

ಮೆಟೀರಿಯಲ್ ಆಯ್ಕೆ ಚಿಕ್ಕದಾಗಿ ಹೇಳುವುದಾದರೆ: ಎಣ್ಣೆ, ಡೀಸೆಲ್‌ಗೆ ನೈಟ್ರೈಲ್ ರಬ್ಬರ್. ಇಪಿಡಿಎಂ ರಬ್ಬರ್ ನೀರು, ಕಾಸ್ಟಿಕ್‌ಗೆ ಒಳ್ಳೆಯದು, ಪೆಟ್ರೋಲಿಯಂ ಎಣ್ಣೆಯಲ್ಲಿ ಉಬ್ಬುತ್ತದೆ. ವೈಟಾನ್ ರಬ್ಬರ್ ಅನೇಕ ಸಾಲ್ವೆಂಟ್ ತಡೆಯುತ್ತದೆ, ಅಸಿಟೋನ್ ತಡೆಯುವುದಿಲ್ಲ. ಟೆಫ್ಲಾನ್ ಬಹುತೇಕ ಎಲ್ಲ ಕೆಮಿಕಲ್ ತಡೆಯುತ್ತದೆ, ಆದರೆ ಬಗ್ಗುವ ಆಯಸ್ಸು ಕಡಿಮೆ, ಒಣಗಿದ್ದಾಗ ದ್ರವ ಮೇಲೆತ್ತುವ ಶಕ್ತಿಯೂ ರಬ್ಬರಿಗಿಂತ ಕಡಿಮೆ.

ಮತ್ತೆ ಚಾಲೂ ಮಾಡುವಾಗ

ಮೊದಲು ನೀರಿನಲ್ಲಿ, ಅಥವಾ ನಿಮ್ಮ ದ್ರವಕ್ಕೆ ನೀರು ಆಗದಿದ್ದರೆ ಸುರಕ್ಷಿತವಾದ ಬೇರೆ ದ್ರವದಲ್ಲಿ, ಡೆಲಿವರಿ ತೆರೆದಿಟ್ಟು 1.5 ಬಾರ್ ಹತ್ತಿರ ಓಡಿಸಿ. ಜಾಯಿಂಟ್‌ಗಳ ಸುತ್ತ ಒಣ ಕಾಗದ ಒತ್ತಿ ನೋಡಿ, ಒದ್ದೆಯಾಗಬಾರದು. ವಾಲ್ವ್ ಮುಚ್ಚುವ ಪರೀಕ್ಷೆ ಮತ್ತೆ ಮಾಡಿ. ಎಲ್ಲ ಸರಿ ಇದ್ದರೆ ನಿತ್ಯದ ಪ್ರೆಶರಿಗೆ ಏರಿಸಿ, ಸೈಕಲ್ ಎಣಿಸಿ, ಹಳೆಯ ಅಂಕಿ ಒರೆಸಿ ಹೊಸದನ್ನು ತಾರೀಖಿನ ಜೊತೆ ಬರೆಯಿರಿ. ಮರುದಿನ ಗಾಳಿ ಬಂದ್ ಮಾಡಿ, ಪ್ರೆಶರ್ ಇಳಿಸಿ, ತಣ್ಣಗಿರುವಾಗ ಬೋಲ್ಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ಹಾಕಿ. ಪಂಪನ್ನು ಕೆಲವು ವಾರ ನಿಲ್ಲಿಸುವುದಿದ್ದರೆ ತೊಳೆದು, ತಲೆಕೆಳಗು ಮಾಡಿ ಒಣಗಿಸಿ, ಸಕ್ಷನ್ ಮತ್ತು ಡೆಲಿವರಿ ಬಾಯಿಗೆ ಮುಚ್ಚಳ ಹಾಕಿ, ಬಿಸಿಲು ಬೀಳದ ಜಾಗದಲ್ಲಿ ಇಡಿ.